ಪರದೆಯ ಹಿಂದಿನ ಗೊರಕೆ

ಗಾದೆ ಸುಳ್ಳಾದರೂ ಗೊರಕೆ ಸುಳ್ಳಾಗದು ಎಂಬುದು ಆ ಹೊಲಿಗೆ ಅಂಗಡಿಯ ನಂಬಿಕೆಯಾಗಿತ್ತು. ಗೊರಕೆಯೇ ಸುಳ್ಳಾದ ಒಂದು ಮಧ್ಯಾಹ್ನದ ನಿಜವಾದ ಕಥೆ ಇದು.

ಅಂಗಡಿ ಅಕ್ಕನದು. ಕತ್ತರಿ ಅವಳ ಕೈಯಲ್ಲಿ, ಇಸ್ತ್ರಿ ಪೆಟ್ಟಿಗೆ ತಮ್ಮನ ಕೈಯಲ್ಲಿ. ತಮ್ಮನನ್ನು ಎಲ್ಲರೂ ಟೇಪು ಎನ್ನುತ್ತಿದ್ದರು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದುದಕ್ಕೆ ಅರ್ಧ, ಕೇಳಿದ ದನಿಯನ್ನೆಲ್ಲ ಹಾಗೆಯೇ ಹೇಳಿ ತೋರಿಸುತ್ತಿದ್ದುದಕ್ಕೆ ಇನ್ನರ್ಧ. ಬಸ್ಸಿನ ಕಂಡಕ್ಟರು, ಎದುರು ಮನೆಯ ಅಜ್ಜಿ, ಸೂಜಿ ಮುರಿದ ಮಿಷನ್ನು, ಯಾವುದೂ ಅವನ ಗಂಟಲಿಗೆ ದೂರವಿರಲಿಲ್ಲ.

ಮೂರನೆಯ ಜೀವ ಒಂದು ಪಗ್ ನಾಯಿ. ಹೆಸರೇ ಗೊರಕೆ. ಚಪ್ಪಟೆ ಮೂಗು, ಹೊರಕ್ಕೆ ಉಬ್ಬಿದ ಕಣ್ಣು, ಸುರುಳಿ ಬಾಲ. ಅದರ ಮುಖದ ಮಡಿಕೆಗಳನ್ನು ಅಕ್ಕ ದಿನವೂ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. "ಅಷ್ಟೊಂದು ಇಸ್ತ್ರಿ ಮಾಡ್ತೀರಲ್ಲ, ಇವನ ಮುಖಕ್ಕೂ ಒಂದು ಎಳೀಬಾರ್ದಾ?" ಎಂದು ಬಂದವರು ತಮಾಷೆ ಮಾಡಿ, ಹೋಗುವಾಗ ಒಂದು ಬಿಸ್ಕತ್ತು ಹಾಕುತ್ತಿದ್ದರು. ಗೊರಕೆ ದಿಂಬಿನಂತೆ ಗುಂಡಗಾಗಿತ್ತು. ಅಳತೆ ಕೊಡಲು ಪರದೆ ಎಳೆದುಕೊಳ್ಳುವ ಮೂಲೆಯಲ್ಲಿ ಚಿಂದಿ ಬಟ್ಟೆಯ ಬುಟ್ಟಿಯೇ ಅದರ ಹಾಸಿಗೆ. ಅಲ್ಲಿಂದ ಬರುತ್ತಿದ್ದ 'ಗೊರ್ರ್... ಸುಂಯ್' ಕೇಳಿ ನಗದವರಿರಲಿಲ್ಲ.

ಒಬ್ಬರು ಮಾತ್ರ ನಗಲಿಲ್ಲ. ಚುಚ್ಚುಮದ್ದಿಗೆ ಕರೆದೊಯ್ದಾಗ ಡಾಕ್ಟರಮ್ಮ ಅದರ ಮೂಗನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿದ್ದರು.

"ಹೊಳ್ಳೆ ತೀರಾ ಕಿರಿದು. ಚಿಕ್ಕ ಆಪರೇಷನ್ ಮಾಡಿ ಅಗಲ ಮಾಡಬಹುದು. ತೂಕ ಇಳಿಸಿ. ಬಿಸಿಲು, ಸೆಖೆ ಇವನಿಗೆ ಆಗಲ್ಲ, ನೆನಪಿರಲಿ."

ಅಂಗಡಿಗೆ ಮರಳಿದ ಟೇಪು ಅದೇ ದನಿಯಲ್ಲಿ, ಕನ್ನಡಕ ಸರಿಪಡಿಸಿಕೊಳ್ಳುವ ಅದೇ ಚಾಳಿಯೊಂದಿಗೆ ಅದನ್ನೆಲ್ಲ ಒಪ್ಪಿಸಿದ. ಕೊನೆಗೆ ಕೊರಳಿನ ಟೇಪನ್ನು ನಾಯಿಯ ಮೂಗಿಗೆ ಹಿಡಿದು, "ಅಗಲ ಎಷ್ಟಿಡ್ಬೇಕು ಡಾಕ್ಟ್ರೇ? ಹೊಲಿಗೆಗೆ ಬಟ್ಟೆ ಬಿಡ್ಬೇಕಾ?" ಎಂದ. ಅಕ್ಕ ನಗುನಗುತ್ತಲೇ ಗದರಿದಳು. ಆಪರೇಷನ್ ಮಾತು ಆ ನಗೆಯಲ್ಲೇ ಕರಗಿತು.

ಆ ಮಧ್ಯಾಹ್ನ ಗಾಳಿ ಎಂಬುದೇ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಟೇಪು ಇಸ್ತ್ರಿ ಮಾಡುತ್ತಿದ್ದ. ಗೊರಕೆ ಅವನ ಕಾಲಡಿಯಲ್ಲೇ ಇತ್ತು. ಬಟ್ಟೆ ಹಾರುತ್ತದೆಂದು ಅಲ್ಲಿ ಫ್ಯಾನು ಹಾಕುವಂತಿರಲಿಲ್ಲ. ಮುಂದೆ ಅಂಗಡಿಯಲ್ಲಿ ಶಾಲೆಯ ಟೀಚರಮ್ಮ ಮತ್ತಿಬ್ಬರು ಹೆಂಗಸರು ಬಟ್ಟೆಗಾಗಿ ಕಾಯುತ್ತಿದ್ದುದು ಕಂಡು ಟೇಪುವಿಗೆ ಚೇಷ್ಟೆ ಹೊಳೆಯಿತು. ನಾಯಿ ಹಿಂದೆಯೇ ಓಡಿ ಬಂದರೆ ಆಟ ಕೆಡುತ್ತದಲ್ಲ? ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿ, ಯಾರಿಗೂ ಕಾಣದಂತೆ ಪರದೆಯ ಹಿಂದೆ ಸೇರಿಕೊಂಡ.

'ಗೊರ್ರ್... ಸುಂಯ್.'

"ಪಾಪ, ಸೆಖೆ ಜಾಸ್ತಿ ಅಲ್ವಾ? ನಿಮ್ಮ ನಾಯಿ ಹೇಗಿದೆ?" ಎಂದರು ಟೀಚರಮ್ಮ.

"ಕೇಳಿಸ್ತಿಲ್ವಾ?" ಅಕ್ಕ ಕತ್ತರಿಯಿಂದ ತಲೆಯೆತ್ತಲಿಲ್ಲ. "ರಾಜಕುಮಾರನಿಗೆ ಎಂಥ ಸೆಖೇನಮ್ಮ? ನಾವು ಬೇಯ್ಬೇಕು, ಅವನು ಮಲಗ್ಬೇಕು."

ಗೊರಕೆ ಜೋರಾಯಿತು. ಒಂದು ಸಲ ಸೀಟಿ ಹೊಡೆಯಿತು, ಒಂದು ಸಲ ತೊದಲಿತು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಅದೇ ಗೊರಕೆ ಸಿನಿಮಾ ಹಾಡಿನ ಧಾಟಿಗೆ ತಿರುಗಿದಾಗ ಅಕ್ಕ ಬೆರಗಾಗಿ ಪರದೆ ಸರಿಸಿದಳು. ಚಿಂದಿ ಬುಟ್ಟಿಯಲ್ಲಿ ಟೇಪು ಮುದುರಿ ಕುಳಿತಿದ್ದ.

ಅಂಗಡಿ ನಗೆಯಿಂದ ನಡುಗಿತು. ಬಹಳ ಹೊತ್ತಿನ ಮೇಲೆ, ಬಂದವರೆಲ್ಲ ನಕ್ಕು ಹೊರಟ ನಂತರ, ಅಕ್ಕ ಕಣ್ಣೊರೆಸಿಕೊಳ್ಳುತ್ತಾ, "ಥೂ ಕತ್ತೆ, ಬುಟ್ಟಿ ಮುರೀತೀಯ, ಏಳು! ಅವನೆಲ್ಲೋ?" ಎಂದಳು.

ಹಿಂದಿನ ಬಾಗಿಲು ಪೂರ್ತಿ ತೆರೆದುಕೊಳ್ಳಲಿಲ್ಲ. ಏನೋ ಅಡ್ಡವಿತ್ತು. ಬಾಗಿಲಿನ ಕೆಳಗಿನ ಸಂದಿಗೆ ಮೂಗು ಒತ್ತಿ ಗೊರಕೆ ಬಿದ್ದಿತ್ತು. ನಾಲಿಗೆ ನೀಲಿಗಟ್ಟಿತ್ತು. ಇಸ್ತ್ರಿ ಪೆಟ್ಟಿಗೆ ಇನ್ನೂ ಕಾಯುತ್ತಲೇ ಇತ್ತು.

ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ನೀರು ಸುರಿದರು, ಬಾಯಿಗೆ ಆಮ್ಲಜನಕದ ನಳಿಕೆ ಹಿಡಿದರು, ಎದೆ ಒತ್ತಿದರು. ಕೊನೆಗೆ ಕೈ ತೆಗೆದರು.

"ಬೆಳಿಗ್ಗೆ ಚೆನ್ನಾಗೇ ಇದ್ದ ಡಾಕ್ಟ್ರೇ," ಟೇಪು ತೊದಲಿದ. "ಗೊರಕೆ ಹೊಡೀತಾ ಇದ್ದ."

"ಎಚ್ಚರ ಇದ್ದಾಗ್ಲೂ ಹೊಡೀತಿದ್ದ, ಅಲ್ವಾ?" ಡಾಕ್ಟರಮ್ಮನ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು. "ಅದು ಗೊರಕೆ ಅಲ್ಲಪ್ಪ, ಉಸಿರಿಗೆ ಒದ್ದಾಟ. ಮುದ್ದಾಗಿ ಕಾಣಲಿ ಅಂತ ತಲೆತಲೆಮಾರು ಮುಖ ಚಪ್ಪಟೆ ಮಾಡ್ಕೊಂಡು ಬಂದಿದೀವಿ. ಮೂಳೆ ಚಿಕ್ಕದಾಯ್ತು, ಒಳಗಿನ ಮಾಂಸ ಮೊದಲಿನಷ್ಟೇ ಉಳೀತು. ನಾಯಿಗೆ ನಮ್ಮ ಹಾಗೆ ಬೆವರಿ ತಣ್ಣಗಾಗೋಕೆ ಬರಲ್ಲ. ಏದುಸಿರು ಬಿಟ್ಟೇ ಆಗ್ಬೇಕು. ಉಸಿರಿಗೇ ದಾರಿ ಇಲ್ದಿದ್ರೆ?"

ಅಕ್ಕ ಗೊರಕೆಯ ಮುಖದ ಮಡಿಕೆ ಒರೆಸುತ್ತಿದ್ದಳು. "ದೊಡ್ಡ ಕೋಟಿನ ಲೈನಿಂಗನ್ನ ಮಗುವಿನ ಕೋಟಿಗೆ ತುರುಕಿದ ಹಾಗೆ," ಎಂದಳು. ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಟೇಪು ತನ್ನ ದನಿಯಲ್ಲಿ ಮಾತ್ರ ಮಾತಾಡಿದ, ಅದೂ ಕಡಿಮೆ. ಬುಟ್ಟಿ ಪರದೆಯ ಹಿಂದೆ ಖಾಲಿ ಉಳಿಯಿತು. ಚಿಂದಿಯನ್ನು ಅಕ್ಕ ಚೀಲಕ್ಕೆ ತುಂಬತೊಡಗಿದಳು.

ಮಳೆಗಾಲ ಹಿಡಿದ ಮೇಲೆ ಟೀಚರಮ್ಮ ಮಗಳೊಂದಿಗೆ ಬಂದರು. ಅಂದು ನಕ್ಕು ಹೊರಟಿದ್ದ ಅವರಿಗೆ ನಾಯಿ ಸತ್ತದ್ದಷ್ಟೇ ಗೊತ್ತು. ಮಗಳ ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಪಗ್ ಮರಿಯ ಚಿತ್ರ.

"ನಿಮ್ಮ ಗೊರಕೇನ ನೋಡಿದ ಮೇಲೆ ಇವಳದು ಒಂದೇ ಹಟ. ನಾಳೆ ಮರಿ ತರ್ತಿದೀವಿ. ಟೇಪು, ಆ ಗೊರಕೆ ಒಂದ್ಸಲ ಮಾಡಿ ತೋರ್ಸಪ್ಪ."

ಟೇಪು ಈಗ ಮುಂದಕ್ಕೇ ತಂದಿಟ್ಟುಕೊಂಡಿದ್ದ ಇಸ್ತ್ರಿ ಮೇಜಿನ ಕಡೆಗೆ ತಿರುಗಿದ. ಅಕ್ಕನ ಮಿಷನ್ನಿನ ಸದ್ದು ನಿಂತಿತು.

"ಮಾಡೋ," ಎಂದಳು ಅಕ್ಕ. "ಈ ಸಲ ಪೂರ್ತಿ ಮಾಡು."

ಅವನು ಅಕ್ಕನನ್ನು ನೋಡಿದ. ಆಮೇಲೆ ಬಾಯಿ ಮುಚ್ಚಿ, ಮೂಗಿನ ಹೊಳ್ಳೆಗಳನ್ನು ಬೆರಳಿನಿಂದ ಕೂದಲೆಳೆಯಷ್ಟು ಸಂದಿ ಬಿಟ್ಟು ಒತ್ತಿ ಹಿಡಿದು, ಉಸಿರು ಎಳೆದ. 'ಗೊರ್ರ್... ಸುಂಯ್.' ಹುಡುಗಿ ಚಪ್ಪಾಳೆ ತಟ್ಟಿದಳು. ಅವನು ನಿಲ್ಲಿಸಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಕಣ್ಣು ಕೆಂಪಾಗಿ ಹೊರಕ್ಕೆ ಬಂತು. ಎದೆ ತಿದಿಯಂತೆ ಏರಿಳಿಯಿತು. ಹಣೆಯ ಬೆವರು ಮೇಜಿನ ಮೇಲಿನ ಬಿಳಿ ಅಂಗಿಗೆ ತೊಟ್ಟಿಕ್ಕಿತು. ಟೀಚರಮ್ಮನ ನಗು ಎಲ್ಲಿ ನಿಂತಿತೋ ಅವರಿಗೇ ತಿಳಿಯಲಿಲ್ಲ.

"ಮಾಮ, ಸಾಕು! ಕೈ ತೆಗೀರಿ!" ಹುಡುಗಿ ಅವನ ಮೊಣಕೈ ಹಿಡಿದು ಎಳೆದಳು.

ಅವನು ಮೇಜು ಹಿಡಿದು ಬಾಯ್ತುಂಬ ಗಾಳಿ ಎಳೆದುಕೊಂಡ. "ನಾನು ಕೈ ತೆಗೆದೆ ಪುಟ್ಟಿ. ಅವನಿಗೆ ತೆಗೆಯೋಕೆ ಏನೂ ಇರ್ಲಿಲ್ಲ," ಎಂದ. ಆಮೇಲೆ ಹಿಂದಿನ ಬಾಗಿಲಿನ ಕಡೆ ಕೈ ತೋರಿಸಿ, ಪರದೆಯ ಹಿಂದೆ ಗೊರಕೆ ಹೊಡೆಯಲೆಂದು ಅಂದು ಅದಕ್ಕೆ ಚಿಲಕ ಹಾಕಿದ್ದನ್ನೂ ಹೇಳಿದ.

ಹುಡುಗಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಟೀಚರಮ್ಮ ಅದನ್ನು ಎತ್ತಿಕೊಂಡು ಹೊಸ್ತಿಲ ಆಚೆ ಹೋದರು. "ನಾಳೆ ಬರಲ್ಲ... ಇಲ್ಲ, ಬೇರೆ ದಿನಾನೂ ಬೇಡ," ಎಂದದ್ದು ಒಳಗೂ ಕೇಳಿಸಿತು.

ಹುಡುಗಿ ಅಕ್ಕನ ಬಳಿ ಹೋಗಿ ನಿಂತಳು. "ಅವತ್ತು ಪರದೆ ಹಿಂದೆ ಮಾಮ ಇರೋದು ಗೊತ್ತಾದಾಗ ನೀವೇನ್ ಮಾಡಿದ್ರಿ ಆಂಟಿ?"

ಅಕ್ಕ ಹೊಲಿಯಬೇಕಿದ್ದ ಬಟ್ಟೆಯನ್ನು ಮಡಿಲಲ್ಲಿ ನೇರ ಮಾಡುತ್ತಾ ಕುಳಿತಳು.

"ನಕ್ಕೆ ಪುಟ್ಟಿ," ಎಂದಳು. "ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿದ್ದು."