ಖಾನಾಪುರಕ್ಕೆ ಬಾರದ ಫೋಟೋಗಳು

ಐಶ್ವರ್ಯಾಳಿಗೆ ಕಂಪ್ಯೂಟರಿನ ಮೇಲೆ ಬಂದ ಸಿಟ್ಟು ಸಣ್ಣದಲ್ಲ. ಗಂಡ ಶಶಿಧರನ ಸ್ಟುಡಿಯೋ ಶಹಾಪುರದಲ್ಲಿದೆ. ತೆಗೆದ ಫೋಟೋಗಳೆಲ್ಲ ಅಲ್ಲಿನ ಸರ್ವರಿನ ಹೊಟ್ಟೆ ಸೇರುತ್ತವೆ. ಖಾನಾಪುರದ ಶಾಖೆಯಲ್ಲಿ ಕುಳಿತ ಇವಳು ಅವೇ ಫೋಲ್ಡರ್‌ಗಳನ್ನು ನೆಟ್‌ವರ್ಕಿನಲ್ಲಿ ತೆರೆದು ಗಿರಾಕಿಗಳಿಗೆ ತೋರಿಸಬೇಕು. ಇವತ್ತು ಕಣಕುಂಬಿಯ ರೂಪಾಲಿಯ ಕೂಸಿನ ಫೋಲ್ಡರ್ ತೆರೆದರೆ, ಕೂಸು ಅಳುವುದು, ಆಕಳಿಸುವುದು, ಬೆನ್ನು ತಿರುಗಿಸಿ ಕೂತಿರುವುದು, ಇಷ್ಟೇ. ನಗುವ ಫೋಟೋ ಒಂದೂ ಇಲ್ಲ. ಆ ನಗು ತರಿಸಲು ಐಶ್ವರ್ಯಾ ಮರ್ಯಾದೆ ಬಿಟ್ಟು ಕೋಳಿಯಂತೆ ಕೂಗಿದ್ದಳು.

ರೂಪಾಲಿ ಸಂಜೆ ಫೋಟೋ ಆರಿಸಲು ಬರುವವಳಿದ್ದಳು. ಮತ್ತೊಮ್ಮೆ ತೆಗೆಯೋಣವೆಂದರೆ ಕೂಸಿನ ಜಾವಳ ಮುಗಿದಿದೆ. ಗುಂಗುರು ಕೂದಲು ದೇವರ ಪಾಲಾಗಿ ತಲೆ ಈಗ ತೆಂಗಿನಕಾಯಿಯ ಹಾಗಿದೆ.

ಗಂಡನಿಗೆ ಫೋನ್ ಮಾಡಿದಳು.

“ರೀ, ಚಲೋ ಫೋಟೋ ಒಂದೂ ಕಾಣವಲ್ವು.”

“ಇಲ್ಲಿ ಎಲ್ಲಾ ಅದಾವಲ್ಲ, ಅವ್ವನ ಮುಂದನ ಅದಾವ. ನಿಮ್ಮ ಖಾನಾಪುರದ ನೆಟ್ಟ ಹಂಗ.”

ಗಂಡಸರಿಗೆ ನೆಟ್ಟಿನ ಮೇಲೆ ಭಾರ ಹಾಕುವುದು ದೇವರ ಮೇಲೆ ಭಾರ ಹಾಕಿದಷ್ಟೇ ಸಲೀಸು. ಐಶ್ವರ್ಯಾ ಪಟ್ಟಿಯನ್ನು ರಿಫ್ರೆಶ್ ಮಾಡಿದಳು, ಕಂಪ್ಯೂಟರನ್ನು ಬಂದ್ ಮಾಡಿ ಚಾಲೂ ಮಾಡಿದಳು, ವೈರು ಕಿತ್ತು ಚುಚ್ಚಿದಳು. ಕಾಲೇಜಿನ ಸ್ನೇಹ ಸಮ್ಮೇಳನದ ದೊಡ್ಡ ಫೋಲ್ಡರ್ ತೆರೆದರೆ ಅದು ಸರಾಗವಾಗಿ ಪೂರ್ತಿ ಬಂತು. ನೆಟ್ಟು ದಣಿದಿದ್ದರೆ ಪಟ್ಟಿಯ ಬಾಲ ಕತ್ತರಿಸಬೇಕಿತ್ತು. ಇಲ್ಲಿ ನಡುನಡುವೆ ಹೆಕ್ಕಿದಂತೆ ಚೆಂದದವು ಮಾತ್ರ ಮಾಯ. ನೆಟ್ಟಿಗೆ ಚೆಂದ ಯಾವುದೆಂದು ಗೊತ್ತಾಗುವುದುಂಟೆ? ಇದರಲ್ಲಿ ಯಾರದೋ ಕೈ ಇದೆ. ಫೋಟೋಗಳನ್ನು ಸರ್ವರಿಗೆ ಹಾಕಿ ಹೆಸರಿಡುವ ಕೈ ಒಂದೇ, ಅತ್ತೆ ಅಕ್ಕವ್ವನದು.

ಹಳೆಯ ಮುಳ್ಳೊಂದು ಚುಚ್ಚಿದ್ದು ಆಗಲೇ. ಕೆಲವು ತಿಂಗಳ ಹಿಂದೆ ಇಲ್ಲಿಂದಲೇ ತನ್ನ ಮದುವೆಯ ಫೋಲ್ಡರ್ ತೆರೆದಿದ್ದಳು. ವರ ಇದ್ದ, ಬ್ಯಾಂಡಿನವರಿದ್ದರು, ಸೌಟು ಹಿಡಿದ ಅಡುಗೆಯವನೂ ಇದ್ದ. ಮದುಮಗಳು ಮಾತ್ರ ಎಲ್ಲೂ ಇರಲಿಲ್ಲ. ಅತ್ತೆ ತನ್ನನ್ನು ಅಳಿಸಿಹಾಕಿದ್ದಾಳೆ ಅಂದುಕೊಂಡಳು, ಕೇಳಲಿಲ್ಲ. ಕೇಳಿ “ಹೌದು” ಅಂದುಬಿಟ್ಟರೆ ಅದೇ ಮನೆಯಲ್ಲಿ ತುತ್ತು ಇಳಿಯುವುದು ಹೇಗೆ?

ಶಾಖೆಯನ್ನು ಕೆಲಸಗಾರ ಬಾಳೇಶನಿಗೆ ಒಪ್ಪಿಸಿ ಶಹಾಪುರಕ್ಕೆ ಹೊರಟಳು. ಇವತ್ತು ಕೇಳಿಯೇ ಬಿಡುವುದು ಎಂದು ಬಸ್ಸಿನುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದಳು.

ಅಕ್ಕವ್ವ ಮೂಗಿನ ತುದಿಗೆ ಚಷ್ಮಾ ಇಳಿಸಿಕೊಂಡು ಯಾರದೋ ನಿಶ್ಚಿತಾರ್ಥದ ಫೋಟೋಗಳಿಗೆ ಹೆಸರು ಕೊಡುತ್ತಿದ್ದಳು. ಒಂದರ ಮುಂದೆ ನಿಂತು “ಅಬಬಾ, ಭಾಳ ಚಂದ ಬಂದೈತಿ” ಎಂದು ನೆಟಿಕೆ ಮುರಿದಳು. ಆಮೇಲೆ ಅದರ ಹೆಸರಿನ ಮುಂದೆ ಜೋಪಾನವಾಗಿ ಒಂದು ಚುಕ್ಕಿ ಒತ್ತಿದಳು.

“ಅತ್ತೀ, ಆ ಚುಕ್ಕಿ ಯಾಕ್ರಿ?”

“ದೃಷ್ಟಿಬೊಟ್ಟವ್ವಾ. ಕೂಸಿನ ಗಲ್ಲಕ್ಕ ಕಾಡಿಗಿ ಹಚ್ಚಂಗಿಲ್ಲೇನು? ಊರ ಮಂದಿ ನೋಡೂ ಫೋಟೋ, ದೃಷ್ಟಿ ಆಗಬಾರ್ದಲ್ಲ.”

ಐಶ್ವರ್ಯಾ ತಲೆಯ ಮೇಲೆ ಕೈಹೊತ್ತು ಕುಳಿತಳು. ಹೆಸರಿನ ಮೊದಲಿಗೇ ಚುಕ್ಕಿ ಇದ್ದರೆ ಆ ಫೈಲನ್ನು ಬಚ್ಚಿಡಬೇಕೆಂಬುದು ಸರ್ವರಿನ ನಿಯಮ. ಬಚ್ಚಿಟ್ಟದ್ದನ್ನೂ ತೋರಿಸೆಂದು ಶಹಾಪುರದ ಕಂಪ್ಯೂಟರಿಗೆ ಶಶಿಧರ ಎಂದೋ ಹೇಳಿಟ್ಟಿದ್ದ. ಖಾನಾಪುರದ್ದಕ್ಕೆ ಯಾರೂ ಹೇಳಿರಲಿಲ್ಲ. ಇದನ್ನು ಬಿಡಿಸಿ ಹೇಳಿದಾಗ ಅಕ್ಕವ್ವ ಗಲ್ಲಕ್ಕೆ ಬೆರಳಿಟ್ಟುಕೊಂಡಳು.

“ದೃಷ್ಟಿ ಆಗಬಾರ್ದು ಅಂದ್ರ ಕಣ್ಣಿಗೇ ಬೀಳದಂಗ ಮಾಡೈತೇನು! ನನಗಿಂತ ಶಾಣ್ಯಾ ಐತಿ ಬಿಡು.”

ಐಶ್ವರ್ಯಾ ನಕ್ಕಳು. ನಗುತ್ತಿರುವಾಗಲೇ ಏನೋ ಹೊಳೆದು, ಮೌಸು ಕಸಿದುಕೊಂಡು ಮದುವೆಯ ಫೋಲ್ಡರ್ ತೆರೆದಳು. ಎಲ್ಲ ಇದ್ದವು. ಅವಳು ಇದ್ದ ಒಂದೊಂದು ಫೋಟೋದ ಹೆಸರಿನ ಮುಂದೂ ಚುಕ್ಕಿ. ತೂಕಡಿಸುತ್ತಿದ್ದದ್ದಕ್ಕೂ ಚುಕ್ಕಿ.

“ಇದಕ್ಕೂ ಏನ್ರಿ ಅತ್ತೀ? ಬಾಯಿ ತುಂಬ ಹೋಳಿಗಿ ತುರುಕ್ಕೊಂಡೇನಿ.”

“ಅದಕ್ಕ ಎಲ್ಲಾಕ್ಕಿಂತ ಮೊದಲ ಇಟ್ಟಿದ್ನಿ.”

“ನಿಮ್ಮ ಮಗ ಒಬ್ಬರ ಇದ್ದ ಫೋಟೋಕ್ಕ ಇಲ್ಲಲ್ರಿ?”

“ಅವಂಗ ಯಾರ ದೃಷ್ಟಿ ಆಗತೈತಿ?”

ಐಶ್ವರ್ಯಾಳ ಕಣ್ಣು ತುಂಬಿಬಂತು. ಇಷ್ಟು ದಿನ ಈ ಹೆಂಗಸಿನ ಕೈಯ ಚಹಾ ಕುಡಿಯುತ್ತಲೇ ಮನಸ್ಸಿನಲ್ಲಿ ಬೈದುಕೊಂಡಿದ್ದಳಲ್ಲ, ನಾಚಿಕೆಯಾಯಿತು.

“ನನ್ನ ಅಳಿಸಿ ಹಾಕೀರಿ ಅಂದ್ಕೊಂಡಿದ್ನಿರಿ.”

ಅಕ್ಕವ್ವ ಚಷ್ಮಾ ತೆಗೆದು ಸೊಸೆಯನ್ನೇ ನೋಡಿದಳು. “ಹುಚ್ಚಿ! ಒಂದ್ ಮಾತ ಕೇಳಾಕ ಏನಾಗಿತ್ತ?”

ಬಾಳೇಶನಿಗೆ ಫೋನ್ ಹೋಯಿತು. ಎಲ್ಲಿ ಟಿಕ್ ಮಾಡಬೇಕೆಂದು ಐಶ್ವರ್ಯಾ ಹೇಳಿದ್ದೇ ತಡ, ಆ ಕಡೆಯಿಂದ ಕೂಗು ಬಂತು. “ಬಂದ್ವು ರೀ ಅಕ್ಕಾರ! ಕೂಸು ನಕ್ಕೊಂತ ಕುಂತೈತಿ ನೋಡ್ರಿ!”

ಅಕ್ಕವ್ವ ಕೀಬೋರ್ಡ್ ಹತ್ತಿರ ಎಳೆದುಕೊಂಡಳು. “ಹಂಗಾರ ಎಲ್ಲಾ ಚುಕ್ಕಿ ತಗದಬಿಡ್ಲ್ಯಾ?”

“ಗಿರಾಕಿದು ತಗೀರಿ,” ಎಂದಳು ಐಶ್ವರ್ಯಾ, ಕಣ್ಣೊರೆಸಿಕೊಳ್ಳುತ್ತ. “ನಂದು ಇರಲಿ.”