ಗುರುಪುತ್ರಪ್ಪನ ಸೋಮವಾರದ ಉಪವಾಸ

ಎಂಬತ್ಮೂರನೆಯ ಇಸವಿಯ ಶ್ರಾವಣ ಸೋಮವಾರ. ಬೆಳಗಾವಿ ಶಹಾಪುರದ ನೇಕಾರ ಗುರುಪುತ್ರಪ್ಪನ ಮನೆಯಲ್ಲಿ ಉಪವಾಸ. ಎಂಥ ಉಪವಾಸ ಅಂತೀರಿ? ಬೆಳಿಗ್ಗೆ ತುಪ್ಪದಲ್ಲಿ ಮುಳುಗಿದ ಸಾಬೂದಾಣಿ ಖಿಚಡಿ. ಮಧ್ಯಾಹ್ನ ಕರಿದ ಬಟಾಟಿ, ಶೇಂಗಾ ಉಂಡಿ. ನಡುನಡುವೆ ಸಕ್ಕರೆ ಸುರಿದ ಚಹಾ. ಸಂಜೆಗೆ ಹೊಟ್ಟೆ ಉಬ್ಬಿ, ಎದೆ ಉರಿದು, ಅವನಿಗೆ ನೆಲದ ಗುಂಡಿಯಲ್ಲಿ ಕಾಲು ಬಿಟ್ಟು ನೇಯುವ ಕುಣಿಮಗ್ಗಕ್ಕೆ ಇಳಿದು ಕೂಡಲೂ ಆಗಲಿಲ್ಲ.

ಹೊಟ್ಟೆಯುಬ್ಬರ ಹೊಸದಲ್ಲ. ಆದರೆ ಈ ಸಲ ಮಗಳು ಗಂಗಾದೇವಿಯ ಮದುವೆ ತುಳಸಿ ಲಗ್ನ ಮುಗಿದ ಮೇಲೆ ಎಂದು ನಿಶ್ಚಯವಾಗಿತ್ತು. "ಮಗಳ ಮದುವಿ ಸೀರಿ ನನ್ನ ಕೈಲೇ ನೇಯ್ತೀನ್ರಿ" ಎಂದು ಬೀಗರೆದುರು ಎದೆ ತಟ್ಟಿ ಹೇಳಿಬಿಟ್ಟಿದ್ದ. ಮಗ್ಗ ಹೂಡಿದ್ದಷ್ಟೇ, ಸೀರೆ ಗೇಣುದ್ದ ದಾಟಿರಲಿಲ್ಲ.

"ಬಾಜೂಮನಿ ಭರಮಣ್ಣಗ ನೇಯಾಕ ಕೊಡೂಣೇನ್ರಿ?" ಹೆಂಡತಿ ಕಾಶವ್ವ ಮೆಲ್ಲಗೆ ಕೇಳಿದಳು.

ಗುರುಪುತ್ರಪ್ಪನ ಮುಖ ಕೆಂಪೇರಿತು. "ನನ್ನ ಮಗಳ ಸೀರಿ ಮತ್ತೊಬ್ಬರು ನೇಯೂದಾ? ನಾಳೆ ಜುಲಾಬು ತಗೊಂಡು ಹೊಟ್ಟಿ ತೊಳಕೊಂತೀನಿ, ನೋಡ್ತಿರು!"

ಮರುದಿನ ಅವನು ಚಪ್ಪಲಿ ಮೆಟ್ಟುವ ಹೊತ್ತಿಗೆ ಖಾನಾಪುರದ ಬಸ್ಸಿಳಿದು ಅಕ್ಕ ಶಿವಬಸವ್ವ ಬಂದಳು. ಆಕೆ ಅಲ್ಲಿ ದವಾಖಾನೆಯ ನರ್ಸ್.

"ಎಲ್ಲಿಗೋ ತಮ್ಮಾ, ಇಷ್ಟ ಅವಸರ?"

"ಜುಲಾಬು ತರಾಕ. ಹೊಟ್ಯಾಗಿನ ಹೊಲಸೆಲ್ಲಾ ಹೊರಗ ಹೋಗಲಿ."

"ಹೊಟ್ಟಿ ಏನು ತಾಮ್ರದ ಕೊಡೇನೋ, ಹುಣಸಿಹಣ್ಣು ಹಚ್ಚಿ ತಿಕ್ಕಾಕ? ಹೊಲಸು ಹೊರಗ ಹಾಕಾಕ ಲಿವರ್, ಕಿಡ್ನಿ ಅದಾವ. ಅವಕ್ಕ ನೀ ಕಾಟ ಕೊಡೂದು ಬಿಟ್ರ ಸಾಕು. ಪದೇ ಪದೇ ಜುಲಾಬು ತಗೊಂಡ್ರ ಮೈಯಾಗಿನ ನೀರು, ಉಪ್ಪು ಹೋಗಿ ಶಕ್ತಿ ಕುಂದತೈತಿ."

"ನಾ ವಾರಕ್ಕೊಮ್ಮೆ ಉಪಾಸ ಮಾಡ್ತೀನಲ್ಲ!"

ಕಾಶವ್ವ ನಿನ್ನೆ ಅವನು ತಿಂದದ್ದನ್ನೆಲ್ಲ ಹೇಳಿದಳು. ಶಿವಬಸವ್ವ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಇದಕ್ಕ ಉಪಾಸ ಅಂತಾರೇನೋ? ದೇವರ ಹೆಸರ ಮ್ಯಾಲೆ ಹಬ್ಬ ಮಾಡೀಯಲ್ಲೋ!"

ಮೊದಲು ತಮ್ಮನನ್ನು ಡಾಕ್ಟರಿಗೆ ತೋರಿಸಿದಳು. ಬೇರೆ ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಸೀದಾ ಅಡುಗೆಮನೆಗೆ ನುಗ್ಗಿ, ತಾನು ತಂದಿದ್ದ ಕೈಕುಟ್ಟಿದ ಅಕ್ಕಿಯ ಗಂಟು ಬಿಚ್ಚಿದಳು.

"ಕಾಶವ್ವಾ, ಕರದದ್ದು, ಮೈದಾ, ಸಕ್ರಿ ದೂರ ಇಡು. ಜ್ವಾಳದ ರೊಟ್ಟಿ, ಇಲ್ಲಾ ಈ ಅಕ್ಕಿ ಅನ್ನ. ಸಂಗಡ ಹೆಸರಕಾಳು, ಮೆಂತೆಪಲ್ಯಾ, ಸೌತಿಕಾಯಿ, ಮಜ್ಜಿಗಿ. ನಡುವ ಹಸಿವಾದ್ರ ಪೇರಲಹಣ್ಣು. ಹೊಟ್ಟಿತುಂಬ ಉಣ್ಣಲಿ, ಹಸಗೊಂಡು ಇರೂದು ಬ್ಯಾಡ. ಕಾಳು, ಸೊಪ್ಪು ಮಾತ್ರ ಸಾವಕಾಶ ಹೆಚ್ಚ ಮಾಡು. ನೀರೂ ಚಲೋತ್ನಂಗ ಕುಡೀಲಿ."

"ಇದು ಬಡವರ ಊಟ" ಎಂದು ಗುರುಪುತ್ರಪ್ಪ ಗೊಣಗಿದ.

"ನಮ್ಮಪ್ಪ ಇದನ್ನ ಉಂಡು ಮುಪ್ಪಿನತನಕಾ ಮಗ್ಗಾ ನೇಯ್ದ. ಮರತೇನು?"

ಅವನು ತಾಟು ಎಳೆದುಕೊಂಡ.

ಮೊದಮೊದಲು ಚಹಾ ಕಡಿಮೆಯಾಗಿ ತಲೆ ನೋಯಿತು, ಸಿಟ್ಟು ಮೂಗಿನ ತುದಿಗೇ ಬಂತು. ಒಂದು ದಿನ ನೂಲು ತರುವ ನೆಪ ಹೇಳಿ ಬೆಳಗಾವಿಯ ರವಿವಾರ ಪೇಟೆ ಎಂಬ ಬಜಾರಿಗೆ ಹೋಗಿ ಮಿರ್ಚಿ ಭಜಿ ತಿಂದು ಬಂದ. ಹುಳಿತೇಗು ಗುಟ್ಟು ರಟ್ಟು ಮಾಡಿತು.

"ನೂಲು ಭಾಳ ಖಾರ ಇತ್ತೇನ್ರಿ?" ಎಂದಳು ಕಾಶವ್ವ. ಗಂಗಾದೇವಿ ಸೆರಗು ಬಾಯಿಗೆ ಒತ್ತಿ ನಕ್ಕಳು. ಕೊನೆಗೆ ಅವನೂ ನಕ್ಕ. ಆಮೇಲೆ ಪೇಟೆಗೆ ಹೋಗುವಾಗಲೆಲ್ಲ ಮನೆಯಲ್ಲಿ ಉಂಡೇ ಹೊರಟ.

ಗಣಪತಿ ಹಬ್ಬ ಕಳೆಯುವಷ್ಟರಲ್ಲಿ ಉಬ್ಬರ ಇಳಿಯಿತು, ಎದೆಯುರಿ ನಿಂತಿತು. ಒಂದು ಮುಂಜಾನೆ ಮಗ್ಗದ ಸದ್ದು ಕೇಳಿ ಕಾಶವ್ವ ಓಡಿಬಂದಳು. ಗಂಡ ಕುಣಿಯಲ್ಲಿ ಕಾಲು ಬಿಟ್ಟು ಕುಳಿತು ಲಾಳಿ ಎಸೆಯುತ್ತಿದ್ದ! ಅವಳ ಕಣ್ಣು ತುಂಬಿ ಬಂತು.

"ಭರಮಣ್ಣಾ, ಕೇಳತೈತೇನೋ ನನ್ನ ಮಗ್ಗಾ?" ಎಂದು ಗುರುಪುತ್ರಪ್ಪ ಗೋಡೆಯಾಚೆಗೆ ಕೂಗಿದ.

"ಓಣಿಗೆಲ್ಲಾ ಕೇಳತೈತಿ! ಮಲಗಾಕ ಬಿಡೋ!" ಎಂದು ಅತ್ತಲಿಂದ ಉತ್ತರ ಬಂತು.

ಮದುವೆಯ ದಿನ ಗಂಗಾದೇವಿ ಅಪ್ಪ ನೇಯ್ದ ಸೀರೆಯನ್ನೇ ಉಟ್ಟಳು. ಬೀಗರು ಸೆರಗು ಮುಟ್ಟಿ ನೋಡಿ, "ಭಾರೀ ಕೈ ಐತ್ರಿ ನಿಮ್ದು" ಎಂದರು.

"ಕೈ ನಂದ್ರೀ. ಕಸುವು ಕಾಶವ್ವನ ರೊಟ್ಟೀದು, ನಮ್ಮಕ್ಕನ ಅಕ್ಕೀದು" ಎಂದ ಗುರುಪುತ್ರಪ್ಪ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಉಪವಾಸದ ತಾಟನ್ನೂ ಒಮ್ಮೆ ನೋಡಿಕೊಳ್ಳಿ. ಹೊಟ್ಟೆ ತೊಳೆಯಲು ಜುಲಾಬು ಬೇಡ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಕಿಡ್ನಿ ತೊಂದರೆಯವರು ಡಾಕ್ಟರನ್ನು ಕೇಳಿಯೇ ಊಟ ಬದಲಿಸಿ. ಮಲದಲ್ಲಿ ರಕ್ತ ಕಂಡರೆ, ನೋವು ನಿಲ್ಲದಿದ್ದರೆ ತಡಮಾಡದೆ ದವಾಖಾನೆಗೆ ಹೋಗಿ. ಉಳಿದವರು ಮುಂದಿನ ಸೋಮವಾರಕ್ಕೆ ಕಾಯಬೇಡಿ. ಇವತ್ತಿನ ಊಟಕ್ಕೇ ರೊಟ್ಟಿ, ಕಾಳು, ಸೊಪ್ಪು ಬಡಿಸಿಕೊಳ್ಳಿ. ಹೊಟ್ಟೆಯ ಕಾಟಕ್ಕೆ ನೀವು ಅರ್ಧಕ್ಕೆ ಬಿಟ್ಟ ಕೆಲಸವೂ ಒಂದು ಇದ್ದೇ ಇರುತ್ತದೆ. ಎದ್ದು ಅದನ್ನು ಮುಗಿಸಿ!