ಅತ್ತೆಯ ಕಲ್ಲು ನಿಲ್ಲಿಸಿದ ದಿನ

ಅತ್ತೆಯ ಸಮಾಧಿ ಕಲ್ಲು ನಮ್ಮ ಮಂಚದ ಮೇಲೆ ಬಿಳಿ ದುಪ್ಪಟಿ ಹೊದ್ದು ಮಲಗಿತ್ತು. ನಮ್ಮ ಕ್ಯಾರಿಯಾಕೂ ದ್ವೀಪದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವುದು ವರ್ಷಗಳಾದ ಮೇಲೆ, ಮಕ್ಕಳೆಲ್ಲ ಸೇರಿದಾಗ. ಅಲ್ಲಿಯವರೆಗೆ ಸತ್ತವರು ನೆಲೆ ಸಿಗದೆ ಹೊಸ್ತಿಲಾಚೆ ನಿಂತೇ ಇರುತ್ತಾರಂತೆ. ಹೆಣ ಮಲಗಿಸಿದ ಹಾಗೆ ಕಲ್ಲನ್ನು ಮಲಗಿಸಿ, ಮಕ್ಕಳು ಅದರ ಮೇಲೆ ರಮ್ಮು, ನೀರು ಚಿಮುಕಿಸಬೇಕು. ರಾತ್ರಿಯಿಡೀ ಡೋಲು ಬಾರಿಸಿ, ಮಾರನೆಯ ದಿನ ನಿಲ್ಲಿಸುವಾಗ ಮಕ್ಕಳೆಲ್ಲರ ಕೈಯೂ ಅದರ ಮೇಲಿರಬೇಕು. ಗಾರೆಯವನು ಸಾಕು ಅನ್ನುವ ಮುಂಚೆ ಒಬ್ಬರು ಕೈ ತೆಗೆದರೂ ಎಲ್ಲ ಮೊದಲಿನಿಂದ.

ಇದಕ್ಕೆಂದೇ ನನ್ನ ನಾದಿನಿ ಎರ್ಮಿನ್ ಟ್ರಿನಿಡಾಡ್‌ನಿಂದ ಬಂದಿದ್ದಳು. ಬಂದ ಮಾರನೆಯ ದಿನವೇ ಪಕ್ಕದ ಸೇಂಟ್ ವಿನ್ಸೆಂಟ್ ದ್ವೀಪದ ಬೆಂಕಿಬೆಟ್ಟ ಸಿಡಿಯಿತು. ನಮ್ಮ ಮೇಲೆ ಬೂದಿ ಸುರಿಯತೊಡಗಿತು. ಎರ್ಮಿನ್‌ಗೆ ಚಿಕ್ಕಂದಿನಿಂದ ಉಬ್ಬಸ. ಬಾಯಿಗೆ ಹೊಡೆದುಕೊಳ್ಳುವ ಔಷಧಿ ಮುಗಿಯುತ್ತ ಬಂದಿತ್ತು, ಇಲ್ಲಿ ಸಿಗುತ್ತಿರಲಿಲ್ಲ. ಇಲ್ಲಿದ್ದರೆ ಉಳಿಯುವುದಿಲ್ಲ ಎಂದು ನರ್ಸ್ ಹೇಳಿಬಿಟ್ಟಳು. ದಕ್ಷಿಣಕ್ಕೆ ಹೋಗುವ ಕೊನೆಯ ದೋಣಿ ಅವತ್ತು ಮಧ್ಯಾಹ್ನ.

"ಚಿಮುಕಿಸಿ ಹೊರಡು. ನಿಲ್ಲಿಸೋದು ನಾವು ನೋಡ್ಕೋತೀವಿ," ಎಂದೆ.

ನನ್ನ ಗಂಡ ಕ್ಯಾನ್ಯೂಟ್ ಗೋಡೆ ನೋಡುತ್ತ ಹೇಳಿದ: "ಅಮ್ಮನ ಮಣ್ಣಿಗೂ ಬರ್ಲಿಲ್ಲ. ಕಲ್ಲಿಗಾದ್ರೂ ಇರ್ತಾಳೇನೋ ಅಂದ್ಕೊಂಡೆ."

"ಬಾಯಿ ಮುಚ್ಕೊಂಡಿರಿ ನೀವು."

"ಬಿಡಿ ಅತ್ತಿಗೆ," ಎಂದು ಎರ್ಮಿನ್ ನಕ್ಕಳು. ನಗು ಸೀಟಿಯ ಹಾಗೆ ಬಂತು. "ಅಣ್ಣ ಹೇಳೋದು ನಿಜ. ಹೊತ್ತಿದೆಯಲ್ಲ, ಈಗ್ಲೇ ನಿಲ್ಸೋಣ. ಡೋಲಿಲ್ದಿದ್ರೆ ಅಮ್ಮ ಬಯ್ಕೊಳ್ಳಿ. ಅವಳಿಗೆ ಅದೇನ್ ಹೊಸದಾ?"

ನಾನು ಬೇಡವೆಂದೆ. ಅಣ್ಣ ತಂಗಿ ಇಬ್ಬರೂ ಕೇಳಲಿಲ್ಲ.

ರಮ್ಮು, ನೀರು ಚಿಮುಕಿಸಿದ ಮೇಲೆ ಕೈಗಾಡಿಯಲ್ಲಿ ಕಲ್ಲು ಹೊರಟಿತು. ಎಲ್ಲರ ಮೂಗಿಗೂ ಒದ್ದೆ ಬಟ್ಟೆ. ಜೀಪು ತರಿಸುತ್ತೇನೆಂದರೆ, ಅಮ್ಮನ ಹಿಂದೆ ಯಾರಾದರೂ ಸವಾರಿ ಮಾಡ್ತಾರಾ ಅಂದಳು ಎರ್ಮಿನ್. ನಾಲ್ಕು ಹೆಜ್ಜೆಗೊಮ್ಮೆ ನಿಂತು ನಿಂತು ನಡೆದಳು.

ಗೋರಿಯ ತಲೆಯ ಬಳಿ ಕಲ್ಲು ಎತ್ತಿ ನಿಲ್ಲಿಸಿದರು. ಅಣ್ಣ ತಂಗಿ ಎರಡು ಕಡೆ ಕೈಯಿಟ್ಟರು. ಗಾರೆ ಕೆಲಸದ ಅಗಸ್ಟಸ್ ಬುಡಕ್ಕೆ ಗಾರೆ ತುಂಬಿದ. ಅದು ಹಿಡಿಯಲಿಲ್ಲ. ಕೆರೆದು ತೆಗೆದು ಮತ್ತೆ ಕಲಸಿದ.

"ಬೇಗ ಮುಗ್ಸಪ್ಪ," ಎಂದೆ.

"ಬೂದಿ ಬೀಳ್ತಾನೇ ಇದೆ ಅಕ್ಕ. ಕಲಸಿದ್ದೆಲ್ಲ ಪುಡಿ ಆಗ್ತಿದೆ."

ಎರ್ಮಿನ್‌ಳ ತುಟಿ ನೀಲಿಯಾಗುತ್ತಿತ್ತು. ಕ್ಯಾನ್ಯೂಟ್ ಅದನ್ನು ಆಗಷ್ಟೇ ನೋಡಿದ.

"ಕೈ ಬಿಡು ಎರ್ಮಿ. ದೋಣಿಗೆ ಹೋಗು. ನಾನಂದಿದ್ದು ಮರ್ತುಬಿಡು."

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾತಿಗೆ ಉಸಿರಿರಲಿಲ್ಲ.

"ಸಾಕು ಅಂತ ಹೇಳೋ," ಎಂದು ನಾನು ಅಗಸ್ಟಸ್‌ನ ಭುಜ ಹಿಡಿದೆ. "ಸುಳ್ಳೇ ಆಗ್ಲಿ, ಹೇಳು."

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಸಾಕು," ಎಂದ.

ಅವಳು ಕೈ ತೆಗೆದು ಅಲ್ಲೇ ಕುಸಿದಳು. ಅದೇ ಗಾಡಿಯಲ್ಲಿ ಮಲಗಿಸಿ ಬಂದರಿಗೆ ಓಡಿದೆವು. ದೋಣಿಯವನು ಬಗ್ಗಿ ನೋಡಿ, "ಹೆಣ ಹತ್ತಿಸ್ಕೊಳ್ಳಲ್ಲ ನಾನು," ಎಂದ.

"ಉಸಿರಿದೆ. ಕಿವಿ ಇಟ್ಟು ಕೇಳು," ಎಂದೆ. ಕೇಳಿದ. "ದಾರೀಲಿ ಉಸಿರು ನಿಂತ್ರೆ ವಾಪಸ್ ತಿರುಗಿಸ್ತೀನಿ," ಎಂದು ಹತ್ತಿಸಿಕೊಂಡ. ಕ್ಯಾನ್ಯೂಟ್ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ದೋಣಿ ಹೊರಟಿತು. ಆಚೆ ತುದಿಯ ಬಂಡೆ ದಾಟಿದರೆ ಗಾಳಿ ಶುಭ್ರ ಅನ್ನುತ್ತಿದ್ದರು. ಕಣ್ಣಿಗೆ ಬೂದಿ ಬೀಳುತ್ತಿದ್ದರೂ ನಾನು ದಡದಲ್ಲೇ ನಿಂತು ರೆಪ್ಪೆ ಮುಚ್ಚದೆ ನೋಡುತ್ತಿದ್ದೆ. ಬಂಡೆಯ ಹತ್ತಿರ ಹೋದ ದೋಣಿ ನಿಧಾನವಾಯಿತು. ಆಮೇಲೆ ಮೆಲ್ಲಗೆ ನಮ್ಮ ಕಡೆಗೇ ತಿರುಗಿತು.